ಕಾಫಿಗೊಂದು ಮಾತ್ರೆ

ನನ್ನ ತಮ್ಮನ ಮದುವೆಗೆ ಕರೆಯಲು ದೊಡ್ಡಬಳ್ಳಾಪುರವನ್ನೆಲ್ಲ ಸುತ್ತಿ ಬಂದ ಅಮ್ಮ ಹೊಸಿಲಲ್ಲೇ ಕುಸಿದಳು. ಮೈಯೆಲ್ಲ ಬೆವರು, ಕೈ ಗಡಗಡ ನಡುಗುತ್ತಿತ್ತು. ಬೆಳಿಗ್ಗೆಯಷ್ಟೇ ತೆರೆದಿದ್ದ ಸಕ್ಕರೆ ಕಾಯಿಲೆಯ ಮಾತ್ರೆಯ ಸ್ಟ್ರಿಪ್ ಅವಳ ಚೀಲದಲ್ಲಿ ಮುಕ್ಕಾಲು ಖಾಲಿಯಾಗಿತ್ತು.

“ಇಷ್ಟೊಂದು ಯಾಕಮ್ಮ ನುಂಗ್ದೆ?”

“ಕಾಫಿ ಜೊತೆ ಮಾತ್ರೆ ತಗೋ ಅಂತ ನೀನೇ ರೂಢಿ ಮಾಡ್ಸಿದ್ದಲ್ವೇನೇ? ಹೋದ ಮನೇಲೆಲ್ಲಾ ಕಾಫಿ ಕೊಟ್ರು ಕಣೇ...” ಅವಳ ಮಾತು ತೊದಲಿತು.

ಹಳೆಯ ಅಭ್ಯಾಸಕ್ಕೆ ಹೊಸದನ್ನು ಗಂಟು ಹಾಕುವುದು ವರ್ತನೆ ಬದಲಾವಣೆಯ ಸ್ನಾತಕೋತ್ತರ ಓದಿನಲ್ಲಿ ನಾನು ಕಲಿತ ಉಪಾಯ. ಅಮ್ಮ ಮಾತ್ರೆ ಮರೆಯುವುದನ್ನು ಬಿಟ್ಟಳೆಂದು ತರಗತಿಯಲ್ಲಿ ಬೀಗಿದ್ದೆ ಕೂಡ. ರಕ್ತದ ಸಕ್ಕರೆ ತೀರಾ ಇಳಿದಿರಬೇಕೆಂದು ಅವಳ ಬಾಯಿಗೆ ಸಕ್ಕರೆ ನೀರು ಹಾಕಿ ಆಟೋ ಹತ್ತಿಸಿದೆ. ಆಸ್ಪತ್ರೆ ಮುಟ್ಟುವವರೆಗೂ ಕೆನ್ನೆ ತಟ್ಟುತ್ತಲೇ ಇದ್ದೆ.

ಅಮ್ಮ ಉಳಿದಳು. ಮಾತ್ರೆಗಳೀಗ ನನ್ನ ಬೀರುವಿನಲ್ಲಿವೆ. ಆದರೂ ಕಾಫಿ ಲೋಟ ಕೊಟ್ಟೊಡನೆ ಅವಳ ಇನ್ನೊಂದು ಕೈ ತಾನಾಗಿ ಚೀಲ ತಡಕುತ್ತದೆ.