ಅಳಿಯನ ಮನೆಯ ತುಪ್ಪ

ನಿಜಾಮರ ಕಾಲದ ಮಾತು. ನಮ್ಮವ್ವ ಕಮಲಾಪುರದ ನಮ್ಮ ಮನೆಗೆ ಬಂದು ಎರಡು ತಿಂಗಳಾಗಿತ್ತು. ನನಗೆ ಅದು ನನ್ನ ಮನೆ, ಅವಳಿಗೆ ಅಳಿಯನ ಮನೆ. ಅಳಿಯ ಅಂಗಳದಲ್ಲಿ ಕೆಮ್ಮಿದರೆ ಸಾಕು, ಸೆರಗೆಳೆದುಕೊಂಡು ಬಾಗಿಲ ಹಿಂದೆ ಸರಿಯುತ್ತಿದ್ದಳು. ಗಂಗಾಳಕ್ಕೆ ಬಡಿಸಿದ್ದನ್ನು ಉಣ್ಣುವಳು. ಬೇಕೆಂದೂ ಅನ್ನಳು, ಬೇಡವೆಂದೂ ಅನ್ನಳು.

ಅವಳು ಸೊರಗುವುದನ್ನು ನೋಡಿ ನನಗೆ ಸಿಟ್ಟು. ನನ್ನ ಮನೆಯಲ್ಲಿದ್ದು ಸೊರಗುವುದೆಂದರೇನು? ನಮ್ಮ ತೋಟದ ಕೆಂಪು ಬಾಳೆಹಣ್ಣು ಕಿವುಚಿ, ಬೆಲ್ಲ ಹಾಕಿ, ಮೇಲೆ ಎಮ್ಮೆ ತುಪ್ಪ ಸುರಿದು ದಿನಾ ತಿನ್ನಿಸತೊಡಗಿದೆ. ತಿಂದ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಮೂಲೆ ಸೇರುತ್ತಿದ್ದಳು. ಕೇಳಿದರೆ "ವಾಯು ಆಗ್ಯಾದ" ಅನ್ನುವಳು. ವಾಯುವಿಗೆ ತುಪ್ಪವೇ ಮದ್ದೆಂದು ನಾನು ಇನ್ನೊಂದು ಚಮಚ ಹೆಚ್ಚಿಗೆ ಹಾಕಿದೆ. ಜಾಣೆ ನಾನು!

ಒಂದು ಮುಂಜಾನೆ ನೋವು ಬೆನ್ನಿಗೆ ಹೊಡೆಯಿತು. ವಾಂತಿ ನಿಲ್ಲಲಿಲ್ಲ, ಕಣ್ಣು ಹಳದಿಯಾದವು. ನೆರೆಮನೆಯಾಕೆ ಹೊಟ್ಟೆಗೆ ಬರೆ ಹಾಕಲು ಕಬ್ಬಿಣ ಕಾಯಿಸಿಕೊಂಡೇ ಬಂದಳು. ಅವಳನ್ನು ಬೈದು ಕಳಿಸಿ ಗಾಡಿ ಕಟ್ಟಿಸಿದೆ. ಕಲಬುರಗಿಯ ದವಾಖಾನೆ ಮುಟ್ಟುವವರೆಗೂ ಅವ್ವ ನರಳುತ್ತಲೇ ಇದ್ದಳು.

ಡಾಕ್ಟರ್ ಸಾಹೇಬರು ಉರ್ದುವಿನಲ್ಲಿ ಹೇಳಿದ್ದನ್ನು ಕಂಪೌಂಡರ್ ಕನ್ನಡದಲ್ಲಿ ತಿಳಿಸಿದ:

"ಪಿತ್ತದ ಚೀಲದಾಗ ಹರಳು ಆಗ್ಯಾವ್ರಿ. ಒಂದು ಜಾರಿ ಬಂದು ನಳಿಗಿ ಬಾಯಾಗ ಸಿಕ್ಕೊಂಡಾದ. ಹೊಟ್ಟಿ ಹಿಂದಿನ ಗ್ರಂಥಿ ರಸಕ್ಕ ದಾರಿ ಇಲ್ಲ, ಅದು ಗ್ರಂಥೀನೇ ಸುಡಾಕತ್ತಾದ. ಈಗ ಕೊಯ್ದು ತೆಗೆಯೋಹಂಗಿಲ್ಲ. ಬಾಯಿಗೆ ಏನೂ ಹಾಕಬ್ಯಾಡ್ರಿ, ನೀರು ಸೈತ. ತುಪ್ಪ, ಎಣ್ಣಿ ತಿಂದಾಗೊಮ್ಮೆ ನೋವು ಬರ್ತಿತ್ತಲ್ರಿ?"

ನೇರ ಅವ್ವನ ಹತ್ತಿರ ಹೋದೆ.

"ಯವ್ವಾ, ತುಪ್ಪ ತಿಂದ್ರ ನೋವು ಬರ್ತಾದಂತ ನಿನಗ ಗೊತ್ತಿತ್ತೇನ?"

"ಗೊತ್ತಿತ್ತವ್ವ."

"ಮತ್ತ ಬಾಯಿ ಬಿಟ್ಟು ಹೇಳಬಾರ್ದೇನ?"

"ಅಳಿಯನ ಮನಿ ಊಟ ಬ್ಯಾಡಂತ ಹೆಂಗನ್ಲಿ? ಅದೂ ನೀ ಕೈಯಾರೆ ಕಲಸಿ ಕೊಟ್ಟಿದ್ದು."

ನನಗೆ ಅವಳ ಮೇಲೆ ಸಿಟ್ಟು, ನನ್ನ ಮೇಲೆ ಹೇಸಿಗೆ. ಅಲ್ಲೇ ಕೂತು ಅತ್ತುಬಿಟ್ಟೆ.

ಮೂರನೆಯ ದಿನಕ್ಕೆ ಅವಳ ತುಟಿ ಒಣಗಿ ಬಿರಿದಿದ್ದವು. ಒದ್ದೆ ಅರಿವೆಯಿಂದ ಒರೆಸಲು ಮಾತ್ರ ಅಪ್ಪಣೆಯಿತ್ತು. ಒರೆಸುತ್ತಿದ್ದಾಗ ನನ್ನ ಕೈ ಹಿಡಿದಳು.

"ಒಂದು ಗುಟುಕು ನೀರು ಬೇಕವ್ವ."

ನನ್ನ ಹತ್ತಿರ ಅವಳು ಬಾಯಿಬಿಟ್ಟು ಬೇಕೆಂದದ್ದು ಅದೊಂದೇ ಸಲ. ನಾನು "ಬ್ಯಾಡವ್ವ" ಅಂದೆ. ಅವಳು ಹೂಂ ಅಂದು ಕೈ ಬಿಟ್ಟಳು. ಸಂಜೆಯೊಳಗೆ ಹೋಗಿಬಿಟ್ಟಳು. ಅಷ್ಟು ತುಪ್ಪ ಉಣಿಸಿದ ಈ ಕೈಯಿಂದ ಒಂದು ಗುಟುಕು ನೀರು ಕೊಡಲಿಲ್ಲ.