ತಂಗಿಯ ನೇರಳೆ ಸೀರೆಯ ಫೋಟೋ

ಮೂವತ್ತು ವರ್ಷ ಕುಷ್ಟಗಿ ಕಡೆಯ ಶಾಲೆಗಳಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ಶನಿವಾರ ಬೆಳಿಗ್ಗೆ ಬಿಳಿ ಸಮವಸ್ತ್ರದ ತಪಾಸಣೆ. ನೀಲಿ ಹಾಕಿ ಒಗೆಯದ ಅಂಗಿ ತೊಟ್ಟು ಬಂದವರನ್ನು ಸಾಲಿನಿಂದ ಹೊರಗೆ ನಿಲ್ಲಿಸುತ್ತಿದ್ದೆ. ನಿವೃತ್ತನಾದ ಮೇಲೂ ನನ್ನ ಧೋತರಕ್ಕೆ ನಾನೇ ನೀಲಿ ಹಾಕಿಕೊಳ್ಳುತ್ತಿದ್ದೆ. ಅರ್ಧ ಬಕೆಟ್ ನೀರಿಗೆ ಎಂಟು ಹನಿ.

ನನ್ನ ತಂಗಿ ಸೀರೆ ನೇಯುತ್ತಾಳೆ. ನಮ್ಮ ಮನೆಯಿಂದ ಎರಡು ಮನೆ ಆಚೆ ಅವಳ ಮಗ್ಗ. ನೂಲು ಸಾವ್ಕಾರನದು, ಬಣ್ಣವೂ ಅವನು ಹೇಳಿದ್ದೇ. ಐವತ್ತು ದಾಟಿದ ಮೇಲೆ ಅವಳು ಮೊದಲ ಸಲ ತನ್ನದೇ ನೂಲು ತಂದು, ತನಗೆ ಇಷ್ಟವಾದ ಬಣ್ಣದಲ್ಲಿ ಒಂದು ಸೀರೆ ನೇಯ್ದಳು. ಮಾಗಿದ ನೇರಳೆ ಹಣ್ಣಿನ ಬಣ್ಣ, ಕೆಂಪು ಸೆರಗು. ಗಂಗಾವತಿಯಲ್ಲಿ ಮನೆಯಲ್ಲೇ ಸೀರೆ ವ್ಯಾಪಾರ ಮಾಡುವ ಹೆಂಗಸೊಬ್ಬಳು ಫೋಟೋ ಕೇಳಿದ್ದಳು. ಅವಳು ಒಪ್ಪಿದರೆ ವರ್ಷವಿಡೀ ಕೆಲಸ. ತಂಗಿ ಮತ್ತೆ ಸಾವ್ಕಾರನ ಹೊಸ್ತಿಲು ತುಳಿಯಬೇಕಿರಲಿಲ್ಲ.

ಕ್ಯಾಮೆರಾ ನನ್ನದು. ನಿವೃತ್ತಿಯ ದಿನ ಶಾಲೆಯವರು ಕೊಟ್ಟ ಸಣ್ಣ ಡಿಜಿಟಲ್ ಕ್ಯಾಮೆರಾ. ಮನೆಯೊಳಗೆ ತೆಗೆದರೆ ಬಣ್ಣ ಕೆಡುತ್ತಿತ್ತು. ಬಲ್ಬಿನ ಕೆಳಗೆ ಎಲ್ಲರೂ ಅರಿಸಿನ ಬಳಿದುಕೊಂಡವರಂತೆ, ಟ್ಯೂಬ್‌ಲೈಟಿನಲ್ಲಿ ಹಸಿರು ಹಸಿರು. ಕೈಪಿಡಿಯನ್ನು ಮೊದಲ ಪುಟದಿಂದ ಓದಿ ಪರಿಹಾರ ಹುಡುಕಿದ್ದೆ. ಅದೇ ಬೆಳಕಿನಲ್ಲಿ ಅಚ್ಚ ಬಿಳಿಯ ವಸ್ತುವೊಂದನ್ನು ತೋರಿಸಿ ಗುಂಡಿ ಒತ್ತಿದರೆ, ಉಳಿದ ಬಣ್ಣಗಳನ್ನು ಕ್ಯಾಮೆರಾವೇ ತಿದ್ದಿಕೊಳ್ಳುತ್ತದೆ. ನನ್ನ ಧೋತರಕ್ಕಿಂತ ಬಿಳಿ ಯಾವುದು? ಅದನ್ನೇ ತೋರಿಸಿದೆ.

"ಅಂಗಳಕ್ಕ ಹೋಗೂಣೋ ಅಣ್ಣಾ, ಬಿಸಲಾಗ ಬಣ್ಣ ಛಲೋ ಕಾಣತೈತಿ" ಅಂದಳು ತಂಗಿ.

"ಹೊರಗ ಧೂಳ ಐತಿ. ನೆಟ್ಟಗ ಹಿಡಿ."

ಹಿಡಿದಳು. ತೆಗೆದದ್ದನ್ನು ತೋರಿಸಿದಾಗ ಕ್ಯಾಮೆರಾವನ್ನು ಕಣ್ಣಿನ ಹತ್ತಿರ ಒಯ್ದು ನೋಡಿದಳು.

"ಇದು ಸುಟ್ಟ ಇಟ್ಟಂಗಿ ಬಣ್ಣ ಆಗೇತಲ್ಲೋ. ನಾ ನೇಯ್ದದ್ದು ನೀರಲ ಹಣ್ಣು."

"ಮಷೀನಿಗೆ ಬಿಳಿ ತೋರಸೀನಿ, ಅದು ತಪ್ಪಂಗಿಲ್ಲ. ದಿನಾ ಮಗ್ಗದಾಗ ಕುಂತು ನಿನ್ನ ಕಣ್ಣ ಸೋತಾವು."

ಅವಳು ಸೀರೆ ಮಡಚಿದಳು. ಕಂಪ್ಯೂಟರಿನಿಂದ ಫೋಟೋ ಕಳಿಸಿದೆ. ಗಂಗಾವತಿಯವಳು ಕೂಡಲೇ ಒಪ್ಪಿ, ಮೊದಲು ಇದೊಂದನ್ನು ಕಳಿಸಿ, ಆಮೇಲೆ ಇದೇ ಬಣ್ಣದವು ಇನ್ನೂ ಬೇಕು ಅಂದಳು. ತಂಗಿ ಆ ದಿನ ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಸೀರೆ ಬಸ್ಸಿನಲ್ಲಿ ಹೋಯಿತು.

ನಾಲ್ಕನೆಯ ದಿನ ಫೋನು ಬಂತು. "ಫೋಟೋದಾಗ ಒಂದು, ಕೈಯಾಗ ಒಂದು! ಹಿಂಗ ಮೋಸ ಮಾಡಿದ್ರ ಹೆಂಗ್ರೀ ಮಾಸ್ತರ? ನಾಕ ಮಂದಿಗೆ ತೋರಸೇನ್ರಿ ನಾ, ಅವರಿಗೆ ಏನ್ ಹೇಳ್ಲಿ?"

ಸೀರೆ ಮರುದಿನವೇ ವಾಪಸು ಬಂತು. ನಾನು ಆ ಹೆಂಗಸನ್ನು ಬೈಯುತ್ತ ಕುಳಿತೆ. ತಂಗಿ ಬಿಳಿ ನೂಲಿನ ಒಂದು ಲಡಿ ತಂದು ನನ್ನ ತೊಡೆಯ ಮೇಲೆ, ಧೋತರದ ಮೇಲೆ ಇಟ್ಟಳು.

"ಇದು ಬಿಳಿ. ಅದು ನೀಲಿ."

ಪಕ್ಕದಲ್ಲಿಟ್ಟಾಗ ಕಂಡಿತು. ನನ್ನ ಧೋತರ ತಿಳಿ ಆಕಾಶದ ಬಣ್ಣಕ್ಕಿತ್ತು. ನೀಲಿಯನ್ನು ಬಿಳಿ ಎಂದು ಹೇಳಿಕೊಟ್ಟಿದ್ದೆ. ಅದಕ್ಕೆ ಕ್ಯಾಮೆರಾ ಸೀರೆಯ ನೀಲಿಯನ್ನೇ ಕಳೆದು ಹಳದಿ ತುಂಬಿತ್ತು.

"ನಿನಗ ಮೊದಲ ಗೊತ್ತಿತ್ತೇನು?"

"ಬಣ್ಣದಾಗ ಕೈ ಆಡಿಸಿ ನಲವತ್ತು ವರ್ಷ ಆತು."

"ಮತ್ತ ಯಾಕ ಹೇಳಲಿಲ್ಲ?"

"ಇಟ್ಟಂಗಿ ಬಣ್ಣ ಆಗೇತಿ ಅಂತ ಹೇಳಿದ್ನಲ್ಲ. ನನ್ನ ಕಣ್ಣ ಸೋತಾವ ಅಂದಿ."

ಗಂಗಾವತಿಗೆ ಫೋನು ಮಾಡಿ ನೀಲಿಯ ವಿಷಯ ವಿವರಿಸಿದೆ. "ನಿಮ್ಮ ಧೋತರದ ಕಥಿ ನನಗ್ಯಾಕ್ರಿ?" ಎಂದು ನಕ್ಕು ಫೋನಿಟ್ಟಳು. ಆಮೇಲೆ ನನ್ನ ಫೋನು ಎತ್ತಲಿಲ್ಲ. ತಂಗಿ ಸಾವ್ಕಾರನ ಹತ್ತಿರ ಹೋದಳು. ಅವನೂ ನಕ್ಕನಂತೆ, ನಕ್ಕು ನೂಲು ಕೊಟ್ಟನಂತೆ.

ಮೂರು ದಿನ ಕಂಪ್ಯೂಟರಿನ ಮುಂದೆ ಕುಳಿತು ಆ ಫೋಟೋ ತಿದ್ದಿದೆ. ಹಳದಿ ಕಡಿಮೆ ಮಾಡಿ, ನೀಲಿ ಏರಿಸಿ, ಸೀರೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಹೋಲಿಸಿದೆ. ಕೊನೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ನೇರಳೆ ಬಂತು. ಅದನ್ನು ಕ್ಯಾಮೆರಾಕ್ಕೆ ಹಾಕಿಕೊಂಡು ಅವಳ ಮನೆಗೆ ಹೋದೆ. ಮಗ್ಗದಲ್ಲಿ ಸಾವ್ಕಾರನ ಹಸಿರು ನೂಲು ಏರಿತ್ತು. ಲಾಳಿ ನಿಲ್ಲಿಸದೆ ಒಮ್ಮೆ ಓರೆಯಾಗಿ ನೋಡಿದಳು.

"ಹೌದು, ಈಗ ಬರೊಬ್ಬರಿ ಬಂದೈತಿ. ತುಸು ಸರಿ ಅಣ್ಣಾ, ಬೆಳಕಿಗೆ ಅಡ್ಡ ನಿಂತಿ."