ಎರಡನೇ ಲೋಟ ಭೇದಿ ಉಪ್ಪು

ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಅವನನ್ನು ಈಗ ಯಾರೂ ಕರೆಯುವುದಿಲ್ಲ. ಎಲ್ಲರ ಬಾಯಲ್ಲೂ ಅವನು ಕನ್ನಡಿ. ಹೊಸ ಮನೆ ಕಟ್ಟಿದವರು ನೆಲಕ್ಕೆ ಪಾಲಿಶ್ ಹಾಕಿಸಲು ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಯಂತ್ರ ತಿರುಗಿಸಿ ಕಲ್ಲು ಉಜ್ಜಿ, ಎದ್ದ ಕೆಸರನ್ನು ಬಳಿದು ತೆಗೆದು, ಕೊನೆಗೆ ಬಿಳಿ ಹರಳಿನ ಪುಡಿ ಉದುರಿಸಿ ತಿಕ್ಕಿ ಎದ್ದನೆಂದರೆ ಆ ನೆಲ ನೋಡಿಕೊಂಡು ತಲೆ ಬಾಚಬಹುದು. ಅವನ ಸ್ವಂತ ಮನೆಯ ನೆಲ ಮಾತ್ರ ಬಿರುಕು ಬಿಟ್ಟ ಸಿಮೆಂಟು. ಜೊತೆಗೇ ಇರುವ ಅತ್ತೆ ಅದನ್ನು ಎತ್ತಿ ಆಡದ ದಿನವಿಲ್ಲ.

“ಅಳಿಯ, ಮನೆ ತೊಳಿಯ ಅಂತಾರೆ. ನಮ್ಮ ಅಳಿಯಂದಿರು ಊರವರ ಮನೆಯೆಲ್ಲ ತೊಳೀತಾರೆ, ನಮ್ಮದೊಂದು ಬಿಟ್ಟು.”

“ತೊಳೆದು ಹೊಳಪು ಬರಿಸಿದ್ರೆ ನೀವು ಜಾರಿ ಬೀಳ್ತೀರಲ್ಲ ಅತ್ತೆ.”

“ಬಿದ್ರೆ ನಿನಗೆ ಸಂತೋಷಾನೇ ಬಿಡು.”

ಈ ಕುಸ್ತಿ ನಡೆಯದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಕನ್ನಡಿಯ ಬದುಕು ಎರಡು ಬಗೆಯ ಬಿಳಿ ಹರಳಿನ ನಡುವೆ ಸಾಗುತ್ತಿತ್ತು. ಒಂದು ಕೆಲಸದ್ದು, ಆಕ್ಸಾಲಿಕ್ ಆಮ್ಲ. ಕಲ್ಲಿಗೆ ಕೊನೆಯ ಹೊಳಪು ಕೊಡುವುದೂ ಅದೇ, ಹೊಟ್ಟೆಗೆ ಹೋದರೆ ಮೂತ್ರಪಿಂಡ ಕೆಡಿಸಿ ಜೀವ ತೆಗೆಯುವುದೂ ಅದೇ. ಇನ್ನೊಂದು ಭೇದಿ ಉಪ್ಪು, ಎಂದರೆ ಎಪ್ಸಮ್ ಸಾಲ್ಟ್. ದಿನವಿಡೀ ಕೆಸರುನೀರಿನಲ್ಲಿ ನಿಂತು ಮರಗಟ್ಟಿದ ಕಾಲನ್ನು ಸಂಜೆ ಅವನು ಈ ಉಪ್ಪು ಹಾಕಿದ ಬಿಸಿನೀರಿನಲ್ಲಿ ಅದ್ದಿಕೊಂಡು ಕೂರುತ್ತಿದ್ದ. ಹಿತವಾಗುವುದು ಉಪ್ಪಿನಿಂದಲೋ ಬರೀ ಬಿಸಿನೀರಿನಿಂದಲೋ ಎಂದು ಅವನು ತಲೆ ಕೆಡಿಸಿಕೊಂಡವನಲ್ಲ. ಹೆಂಡತಿ ಅದರಲ್ಲೇ ಒಂದು ಚಿಟಿಕೆ ನೀರಿಗೆ ಬೆರೆಸಿ ಎಲೆ ಹಳದಿಯಾದ ಗುಲಾಬಿ ಗಿಡಕ್ಕೆ ಹಾಕುತ್ತಿದ್ದಳು. ಒಮ್ಮೆ ತೇವಕ್ಕೆ ಗಂಟು ಕಟ್ಟಿದ್ದ ಉಪ್ಪನ್ನು ಒಣಗಿಸೋಣವೆಂದು ಅವನು ಬಾಣಲೆಗೆ ಹಾಕಿ ಒಲೆಯ ಮೇಲಿಟ್ಟ. ಒಣಗುವ ಬದಲು ಅದು ನೀರಾಗಿ ಕೊತಕೊತ ಕುದಿಯಿತು. ಉಪ್ಪು ಮಾರಿದ ಅಂಗಡಿಯವನು ಇದನ್ನು ಕೇಳಿ ನಕ್ಕು, ಅದರ ಹೆಸರು ಮೆಗ್ನೀಸಿಯಂ ಸಲ್ಫೇಟ್, ಪ್ರತಿ ಹರಳೂ ತನ್ನೊಳಗೆ ಒಂದಕ್ಕೆ ಏಳರಂತೆ ನೀರಿನ ಅಣುಗಳನ್ನು ಕಟ್ಟಿಕೊಂಡಿರುತ್ತದೆ, ಕಾಯಿಸಿದರೆ ಆ ನೀರಿನಲ್ಲೇ ಕರಗುತ್ತದೆ ಎಂದು ಹೇಳಿಕೊಟ್ಟ. ಅಂದಿನಿಂದ ಕನ್ನಡಿ ಆ ಉಪ್ಪಿನ ವಿಷಯದಲ್ಲಿ ತಾನೇ ಪಂಡಿತನೆಂದುಕೊಂಡ. ಅರೆಬರೆ ತಿಳಿದವನ ಧೈರ್ಯಕ್ಕೆ ಮದ್ದಿಲ್ಲ.

ಆ ದಿನ ಮಧ್ಯಾಹ್ನ ಬೇಗ ಮನೆಗೆ ಬಂದವನಿಗೆ ಅತ್ತೆ ಕುರ್ಚಿಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತದ್ದು ಕಾಣಿಸಿತು. ಕೆಲವು ದಿನಗಳಿಂದ ಮಲಬದ್ಧತೆ, ಹೊಟ್ಟೆ ಕಲ್ಲಾಗಿತ್ತು.

“ನಿನ್ನ ಉಪ್ಪು ತಗೊಂಡೆ ಕಣಪ್ಪಾ,” ಎಂದರು. “ಬಚ್ಚಲ ಗೂಡಲ್ಲಿತ್ತಲ್ಲ, ಬಿಸಿನೀರಿಗೆ ಹಾಕ್ಕೊಂಡು ಒಂದು ಲೋಟ ಕುಡಿದೆ.”

ಕನ್ನಡಿ ಬಚ್ಚಲಿಗೆ ಓಡಿದ. ಗೂಡಿನಲ್ಲಿ ಅವನು ಎರಡು ಹರಳನ್ನೂ ಬೇರೆ ಬೇರೆ ಇಟ್ಟಿದ್ದ ಹರಿದ ಪ್ಲಾಸ್ಟಿಕ್ ಚೀಲಗಳಿರಲಿಲ್ಲ. ಎರಡು ಒಂದೇ ಥರದ ಡಬ್ಬಿಗಳಿದ್ದವು, ಎರಡರಲ್ಲೂ ಬಿಳಿ ಹರಳು. ಅವನ ಜೀವ ಬಾಯಿಗೆ ಬಂತು.

“ಚೀಲದಿಂದ ಸೋರ್ತಿತ್ತು ರೀ, ಬೆಳಿಗ್ಗೆ ಡಬ್ಬಿಗೆ ಸುರಿದಿಟ್ಟೆ,” ಎಂದಳು ಹಿಂದೆಯೇ ಬಂದ ಹೆಂಡತಿ. ಗಂಡನ ಮುಖ ನೋಡಿ ಅವಳ ದನಿ ಉಡುಗಿತು. “ಯಾಕೆ, ಏನಾಯ್ತು?”

“ಯಾವುದು ಯಾವುದರಲ್ಲಿದೆ?”

ಅವಳಿಗೆ ಗೊತ್ತಿರಲಿಲ್ಲ. ಅವನು ವಾಪಸ್ಸು ಓಡಿದ. “ಅತ್ತೆ, ಯಾವ ಡಬ್ಬಿ? ಹುಳಿ ಇತ್ತಾ, ಕಹಿ ಇತ್ತಾ?”

“ನನ್ನ ನಾಲಿಗೆಗೆ ರುಚಿ ಸತ್ತು ಎಷ್ಟು ಕಾಲವಾಯ್ತೋ. ನಿನ್ನ ಹೆಂಡ್ತಿ ಉಪ್ಪಿಲ್ಲದ ಅಡುಗೆ ಹಾಕಿ ಹಾಕಿ ಸಾಯಿಸಿದ್ದಾಳೆ. ಔಷಧಿ ಥರ ಇತ್ತಪ್ಪ.” ಆಮೇಲೆ ಕೈ ತೋರಿಸಿದರು. “ಚಮಚ ಅದರಲ್ಲೇ ಬಿಟ್ಟಿದ್ದೀನಿ ನೋಡು.”

ಚಮಚವಿದ್ದ ಡಬ್ಬಿಯಿಂದ ಒಂದಿಷ್ಟು ಬಟ್ಟಲಿಗೆ ಹಾಕಿ ನೀರಲ್ಲಿ ಕರಗಿಸಿ, ಅವನು ಅಡುಗೆ ಸೋಡಾ ಉದುರಿಸಿದ. ಆಮ್ಲವಾದರೆ ನೊರೆ ಉಕ್ಕಬೇಕು. ಗಂಡ ಹೆಂಡತಿ ಇಬ್ಬರೂ ಉಸಿರು ಬಿಗಿಹಿಡಿದು ಬಗ್ಗಿ ನೋಡಿದರು. ನೀರು ಸುಮ್ಮನಿತ್ತು. ಇನ್ನೊಂದು ಡಬ್ಬಿಯದಕ್ಕೆ ಸೋಡಾ ಬಿದ್ದದ್ದೇ ಬುರಬುರ ಎಂದು ನೊರೆ ಎದ್ದಿತು. ಹೆಂಡತಿ ಅಳುತ್ತಲೇ ನಕ್ಕಳು. ಕನ್ನಡಿಗೆ ಹೋದ ಜೀವ ಬಂದಂತಾಯಿತು.

“ಭೇದಿ ಉಪ್ಪೇ ಅತ್ತೆ! ನೂರು ವರ್ಷ ನಿಮಗೆ,” ಎಂದ.

“ನಿನ್ನ ಗ್ರಹಚಾರ,” ಎಂದರು ಅತ್ತೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಆಮ್ಲ ಅಲ್ಲವೆಂದ ಮಾತ್ರಕ್ಕೆ ಅಮೃತವೂ ಅಲ್ಲ ಎಂಬುದು ಹೊಳೆಯಲಿಲ್ಲ. ಹೊತ್ತು ಹೋದರೂ ಅತ್ತೆಯ ಹೊಟ್ಟೆ ಕದಲಲಿಲ್ಲ. ಹೆಂಡತಿ ಒಣಗಿದ ಬಟ್ಟೆ ತರಲು ಮಹಡಿಗೆ ಹೋಗಿದ್ದಳು. ಕನ್ನಡಿ ತಾನೇ ಇನ್ನೊಂದು ಲೋಟ ಕದಡಿ ತಂದ, ಚಮಚ ತುಂಬ ತುಂಬ ಹಾಕಿ.

“ಬೇಡ ಕಣಪ್ಪಾ, ಹೊಟ್ಟೆ ತೊಳಸ್ತಿದೆ.”

“ಒಂದೇ ಗುಟುಕು ಅತ್ತೆ. ಇದು ಕರುಳಿಗೆ ನೀರೆಳೆಯೋ ಉಪ್ಪು. ಸುಮ್ಮನೆ ಕುಡೀರಿ, ರಾತ್ರಿಯೊಳಗೆ ಹಗುರ ಆಗ್ತೀರಿ. ನಾನು ಹೇಳ್ತಿದ್ದೀನಲ್ಲ.”

ಅತ್ತೆ ಅವನ ಮುಖವನ್ನೊಮ್ಮೆ ನೋಡಿ ಲೋಟ ಖಾಲಿ ಮಾಡಿದರು.

ದೀಪ ಹಾಕುವ ಹೊತ್ತಿಗೆ ಅವರು ಮಂಚದ ಮೇಲಿದ್ದರು. ಮುಖ ಕೆಂಪಗೆ, ಮೈ ಬೆಚ್ಚಗೆ. ನಿದ್ದೆ ಎಂದುಕೊಂಡ ಕನ್ನಡಿ ಬಾಗಿಲಲ್ಲಿ ನಿಂತು, “ಏನತ್ತೆ, ನೆಲ ತೊಳೀಲಾ?” ಎಂದು ಕೆಣಕಿದ. ಉತ್ತರ ಬರಲಿಲ್ಲ. ಈ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಬಾರದೆ ಉಳಿದದ್ದೇ ಇಲ್ಲ. ಹತ್ತಿರ ಹೋಗಿ ಭುಜ ಅಲುಗಿಸಿದ. ಕಣ್ಣು ಅರ್ಧ ತೆರೆಯಿತು, ನಾಲಿಗೆ ತೊದಲಿತು, ಮಾತು ಕಟ್ಟಲಿಲ್ಲ. ಎತ್ತಿ ಕೂರಿಸಿದರೆ ಕತ್ತು ನಿಲ್ಲಲಿಲ್ಲ. ಉಸಿರು ಬರುತ್ತಿತ್ತು, ಆದರೆ ಒಂದಾದ ಮೇಲೆ ಇನ್ನೊಂದಕ್ಕೆ ಕಾಯಬೇಕಿತ್ತು.

ಅವನ ಕೆಲಸದ ಸಾಮಾನಿನ ವ್ಯಾನಿನ ಹಿಂಭಾಗದಲ್ಲಿ ಪಾಲಿಶ್ ಯಂತ್ರವನ್ನು ಪಕ್ಕಕ್ಕೆ ತಳ್ಳಿ ಹಾಸಿಗೆ ಹಾಸಿದರು. ಹೆಂಡತಿ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕನ್ನಡಿ ಗಾಡಿ ಓಡಿಸಿದ. ಪ್ರತಿ ತಿರುವಿನಲ್ಲೂ ಹಿಂದಿನಿಂದ, “ಉಸಿರಾಡ್ತಿದ್ದಾಳೆ, ಹೋಗಿ” ಎಂಬ ದನಿ. ಹೆಂಡತಿಗೆ ಒಂದು ಲೋಟದ ವಿಷಯ ಮಾತ್ರ ಗೊತ್ತು ಎಂಬುದು ಅವನಿಗೆ ದಾರಿಯಲ್ಲಿ ಹೊಳೆಯಿತು. ಎರಡನೆಯದನ್ನು ನೋಡಿದವರಿಲ್ಲ. ಕುಡಿದವರು ಹೇಳುವ ಸ್ಥಿತಿಯಲ್ಲಿಲ್ಲ. ಅವರೇ ತೆಗೆದುಕೊಂಡರು ಎಂದರೆ ಮುಗಿಯಿತು. ಆ ಯೋಚನೆ ಬಂದದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು, ಆದರೂ ಅದು ಆಸ್ಪತ್ರೆಯ ಬಾಗಿಲವರೆಗೂ ಬಿಟ್ಟು ಹೋಗಲಿಲ್ಲ.

ತುರ್ತು ಕೋಣೆಯಲ್ಲಿದ್ದ ಡಾಕ್ಟರಮ್ಮ ಕೈನಾಡಿ ಹಿಡಿದೇ ಕೇಳಿದರು. “ಏನು ತಗೊಂಡಿದ್ದಾರೆ?”

“ಏನೂ ಇಲ್ಲ ಮೇಡಂ, ಬರೀ ಭೇದಿ ಉಪ್ಪು,” ಎಂದಳು ಹೆಂಡತಿ.

ಡಾಕ್ಟರಮ್ಮನ ಕೈ ನಿಂತಿತು. “ಎಷ್ಟು? ಕಿಡ್ನಿ ತೊಂದರೆ ಏನಾದರೂ ಇದೆಯಾ?”

“ಕಿಡ್ನಿ ಅರ್ಧ ಕೆಲಸ ಮಾಡ್ತಿದೆ, ಉಪ್ಪು ಕಡಿಮೆ ಮಾಡಿ ಅಂದಿದ್ರು. ಅಡುಗೆಗೆ ಹಾಕೋದೇ ಬಿಟ್ಟಿದ್ದೆ ಮೇಡಂ. ಕುಡಿದದ್ದು ಒಂದೇ ಲೋಟ…”

“ಎರಡು,” ಎಂದ ಕನ್ನಡಿ. “ಒಂದು ಅವರೇ ಕುಡಿದ್ರು. ಇನ್ನೊಂದು ನಾನು ಕುಡಿಸಿದೆ. ಬೇಡ ಅಂದ್ರು, ಒತ್ತಾಯ ಮಾಡಿದೆ. ಚಮಚ ತುಂಬ ತುಂಬ ಹಾಕಿದ್ದೆ.”

ಹೆಂಡತಿ ತಿರುಗಿ ಅವನನ್ನು ನೋಡಿದಳು. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಡಾಕ್ಟರಮ್ಮ ಅತ್ತೆಯ ಮಂಡಿಯ ಕೆಳಗೆ ಸಣ್ಣ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಯಾರ ಕಾಲಾದರೂ ತಾನಾಗಿ ಎಗರಬೇಕು. ಅತ್ತೆಯ ಕಾಲು ಬಿದ್ದಲ್ಲೇ ಬಿದ್ದಿತ್ತು. ಇನ್ನೊಂದು ಕಾಲೂ ಹಾಗೇ.

“ಕ್ಯಾಲ್ಸಿಯಂ ತನ್ನಿ, ಬೇಗ,” ಎಂದು ನರ್ಸಿಗೆ ಕೂಗಿ, ಸೂಜಿ ಚುಚ್ಚುತ್ತಲೇ ಹೇಳಿದರು. “ಗರ್ಭಿಣಿಯರಿಗೆ ಬಿಪಿ ಏರಿ ಫಿಟ್ಸ್ ಬಂದಾಗ ಇದೇ ಮೆಗ್ನೀಸಿಯಂ ನಾವೂ ಕೊಡ್ತೀವಿ, ಜೀವ ಉಳಿಸುತ್ತೆ. ಆದ್ರೆ ಪ್ರತಿ ಸಲ ಉಸಿರು, ಮೂತ್ರ, ಮಂಡಿ ನೋಡ್ಕೊಂಡೇ ಕೊಡ್ತೀವಿ. ಜಾಸ್ತಿಯಾದ್ರೆ ನರಗಳನ್ನ ಮಲಗಿಸಿಬಿಡುತ್ತೆ, ಆಮೇಲೆ ಉಸಿರನ್ನ, ಕೊನೆಗೆ ಹೃದಯಾನ. ಚೆನ್ನಾಗಿರೋ ಕಿಡ್ನಿ ಅದನ್ನ ಹೊರಗೆ ಹಾಕುತ್ತೆ. ಇವರದಕ್ಕೆ ಆಗಲ್ಲ. ಹೊಟ್ಟೆ ಬೇರೆ ಕಟ್ಟಿದೆ, ಒಳಗಿರೋದು ಇನ್ನೂ ರಕ್ತಕ್ಕೆ ಸೇರ್ತಾನೇ ಇದೆ. ಕ್ಯಾಲ್ಸಿಯಂ ಸ್ವಲ್ಪ ಹೊತ್ತು ತಡೆಯುತ್ತೆ ಅಷ್ಟೇ, ಡಯಾಲಿಸಿಸ್ ಮಾಡಲೇಬೇಕು. ಎರಡು ಲೋಟ ಅಂತ ಹೇಳಿದ್ದು ಒಳ್ಳೇದಾಯ್ತು.”

ಒಳ್ಳೆಯದು ಎಂಬ ಮಾತು ಅವನಿಗೆ ಚೂರಿಯಂತೆ ನಾಟಿತು. ಗಾಜಿನ ಬಾಗಿಲು ಮುಚ್ಚಿಕೊಂಡಿತು. ಹೊರಗೆ ಉದ್ದನೆಯ ಬೆಂಚು. ಹೆಂಡತಿ ಒಂದು ತುದಿಯಲ್ಲಿ, ಅವನು ಇನ್ನೊಂದು ತುದಿಯಲ್ಲಿ. ನಡುವೆ ಇನ್ನೂ ಮೂವರು ಕೂರಬಹುದಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ಕುಡಿಸಿದವನು ಹೊರಗಿದ್ದ, ಕುಡಿದವರು ಒಳಗೆ ಯಂತ್ರಕ್ಕೆ ರಕ್ತ ಕೊಟ್ಟು ಮಲಗಿದ್ದರು. ಅತ್ತೆ ಹೋಗಿಬಿಟ್ಟರೆ ಹೆಂಡತಿಯ ಮುಖ ಮತ್ತೆ ಹೇಗೆ ನೋಡಲಿ ಎಂದು ಅವನು ಅಳುಕಿದ. ಅದಕ್ಕಿಂತ, ಅತ್ತೆಯಿಲ್ಲದ ಮನೆಯ ಬಾಗಿಲು ತೆಗೆದು ಒಳಗೆ ಹೇಗೆ ಹೋಗಲಿ ಎಂದು ನಡುಗಿದ. ಆ ಮುದುಕಿಯ ಮೇಲೆ ತನಗೆ ಇಷ್ಟೊಂದು ಪ್ರೀತಿಯಿದೆ ಎಂಬುದು ಅವನಿಗೆ ಆ ಬೆಂಚಿನ ಮೇಲೆ ಕೂತಾಗಲೇ ತಿಳಿದದ್ದು.

ಮರುದಿನ ಅವರನ್ನು ಒಳಗೆ ಬಿಟ್ಟರು. ಅತ್ತೆಯ ಕಣ್ಣು ತೆರೆದಿತ್ತು. ಮೂಗಿಗೆ ಕೊಳವೆ, ಕೈಗೆ ಸೂಜಿ, ದನಿ ಪಿಸುಮಾತಿನಷ್ಟೇ.

“ಯಾಕಮ್ಮಾ ಅದನ್ನ ಕುಡಿಯೋಕೆ ಹೋದೆ?” ಎಂದು ಮಗಳು ಅತ್ತಳು.

ಕನ್ನಡಿ ಮುಂದೆ ಬಂದ. “ಎರಡನೇ ಲೋಟ ನಾನು ಕೊಟ್ಟೆ ಅತ್ತೆ. ನೀವು ಬೇಡ ಅಂದ್ರಿ. ನಾನೇ ಕುಡಿಸಿದ್ದು.”

ಅತ್ತೆ ಅವನ ಕಡೆ ಮುಖ ಹೊರಳಿಸಿದರು.

“ಗೊತ್ತು ಬಿಡು,” ಎಂದರು. “ನೀನು ಕೊಟ್ಟೆ ಅಂತಾನೇ ಕುಡಿದೆ. ಬೇರೆ ಯಾರು ಕೊಟ್ಟಿದ್ರೂ ಚೆಲ್ಲಿಬಿಡ್ತಿದ್ದೆ.”

ಕನ್ನಡಿ ಮಂಚದ ಕಂಬಿ ಹಿಡಿದುಕೊಂಡು, ನರ್ಸು, ಹೆಂಡತಿ ಯಾರನ್ನೂ ಲೆಕ್ಕಿಸದೆ, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ.